ಜೆರುಸಲೇಮಿನಿಂದ ವಾಪಸ್ ಬಂದ ರಾಣಿ: ಅದೆಲಾಸಿಯಾ ನಿಜವಾಗಿ ಮೋಸಹೋದಳೇ?

ಓದುಗರೊಬ್ಬರ ಪ್ರಶ್ನೆ: ಸಿಸಿಲಿಯ ರಾಜ ಎರಡನೇ ರೋಜರನ ತಾಯಿ ಇಟಲಿಯವಳು. ವಿಧವೆಯಾದ ಮೇಲೆ ಜೆರುಸಲೇಮಿನ ರಾಜನನ್ನು ಮದುವೆಯಾದಳು. ಅವನು ಅವಳ ಹಣವನ್ನೆಲ್ಲ ಖರ್ಚು ಮಾಡಿ, ಮೊದಲ ಹೆಂಡತಿ ಬದುಕಿದ್ದಾಳೆ ಎಂಬ ನೆಪ ಹೇಳಿ ವಾಪಸ್ ಕಳಿಸಿದ. ಹೀಗೆಂದು ಓದಿದೆ. ಇದು ನಿಜವೇ? ಆಕೆಗೆ ಇದೆಲ್ಲ ಮೊದಲೇ ಗೊತ್ತಿರಲಿಲ್ಲವೇ? ಅಷ್ಟು ದಡ್ಡಳೇ?

ಉತ್ತರ:

ನೀವು ಓದಿದ್ದು ನಿಜ. ಹಣ ಹೋಯಿತು, ಮದುವೆ ಮುರಿಯಿತು, ಆಕೆ ಹಡಗು ಹತ್ತಿ ಸಿಸಿಲಿಗೆ ವಾಪಸ್ ಬಂದಳು. ಆದರೆ ನಿಮ್ಮ ಕೊನೆಯ ಪ್ರಶ್ನೆಗೆ ನನ್ನ ಉತ್ತರ ಇಲ್ಲ ಎಂದೇ. ದಡ್ಡಳಂತೂ ಅಲ್ಲ. ಜೆರುಸಲೇಮಿಗೆ ಹೊರಡುವ ಮೊದಲು ಈ ಹೆಂಗಸು ಹನ್ನೊಂದು ವರ್ಷ ಒಂದು ರಾಜ್ಯ ಆಳಿದ್ದಳು. ಅದೂ ಎಂಥ ರಾಜ್ಯ? ಮೂರು ಭಾಷೆಯ, ಮೂರು ಬಗೆಯ ಜನರಿದ್ದ, ಆಗತಾನೇ ಗೆದ್ದುಕೊಂಡ ನಾಡು. ಆ ಹನ್ನೊಂದು ವರ್ಷವನ್ನು ಬಿಟ್ಟು ಬರೀ ಕೊನೆಯ ನಾಲ್ಕು ವರ್ಷ ಹೇಳಿದರೆ ಆಕೆ ಯಾರು ಎಂಬುದೇ ತಿಳಿಯುವುದಿಲ್ಲ. ಹಾಗಾಗಿ ಸ್ವಲ್ಪ ಹಿಂದಿನಿಂದ ಹೇಳುತ್ತೇನೆ.

ಆಕೆಯ ಹೆಸರು ಅದೆಲಾಸಿಯಾ. ಅಡಿಲೇಡ್ ಎಂದೂ ಬರೆಯುತ್ತಾರೆ. ಹುಟ್ಟಿದ್ದು ಸುಮಾರು 1074ರಲ್ಲಿ, ಇಟಲಿಯ ವಾಯವ್ಯ ಮೂಲೆಯಲ್ಲಿ. ಇಂದಿನ ಲಿಗೂರಿಯಾ ಮತ್ತು ಪೀಡ್ಮಾಂಟ್ ಸೀಮೆಯಲ್ಲಿ ಅಲೆರಾಮಿಚಿ ಎಂಬ ದೊಡ್ಡ ಮನೆತನವಿತ್ತು. ಅದರ ದೆಲ್ ವಾಸ್ತೊ ಕವಲಿನ ಹುಡುಗಿ ಇವಳು. ತಂದೆ ಮ್ಯಾನ್‌ಫ್ರೆಡೊ. ತಂದೆಯ ಸೋದರ ಬೋನಿಫಾಚೊ ಆ ಸೀಮೆಯ ಪ್ರಬಲ ಮಾರ್ಕ್ವಿಸ್.

1089ರಲ್ಲಿ ಆಕೆಗೆ ಮದುವೆಯಾಯಿತು. ಹುಡುಗಿಗೆ ಹದಿನೈದರ ಆಸುಪಾಸು, ಗಂಡನಿಗೆ ಅರವತ್ತರ ಹತ್ತಿರ. ಗಂಡ ಸಿಸಿಲಿಯ ಕೌಂಟ್, ಅಂದರೆ ರಾಜನಿಗಿಂತ ಕೆಳಗಿನ ದರ್ಜೆಯ ದೊರೆ, ಒಂದನೇ ರೋಜರ್. ಫ್ರಾನ್ಸಿನ ನಾರ್ಮಂಡಿಯಿಂದ ದಕ್ಷಿಣ ಇಟಲಿಗೆ ಬಂದ ಓತ್‌ವಿಲ್ ಮನೆತನದ ಅಣ್ಣತಮ್ಮಂದಿರಲ್ಲಿ ಕೊನೆಯವನು. 1061ರಿಂದ ಮೂವತ್ತು ವರ್ಷ ಕಾದಾಡಿ ಅರಬರ ಕೈಯಿಂದ ಸಿಸಿಲಿ ದ್ವೀಪವನ್ನು ಗೆದ್ದವನು. ಅದೆಲಾಸಿಯಾ ಅವನಿಗೆ ಮೂರನೆಯ ಹೆಂಡತಿ. ಮೊದಲ ಇಬ್ಬರೂ ತೀರಿಕೊಂಡಿದ್ದರು. ಮನೆತುಂಬ ಹೆಣ್ಣುಮಕ್ಕಳಿದ್ದರು, ಆದರೆ ಗದ್ದುಗೆಗೆ ಕೂರಿಸಬಹುದಾದ ಗಂಡುಮಗ ಇರಲಿಲ್ಲ.

ಒಂದು ಮಾತು ಗಮನಿಸಿ. ಅದು ಒಂದು ಹುಡುಗಿಯ ಮದುವೆ ಮಾತ್ರ ಆಗಿರಲಿಲ್ಲ. ಆಕೆಯ ಇಬ್ಬರು ತಂಗಿಯರನ್ನು ರೋಜರನ ಮಕ್ಕಳಿಗೆ ಗೊತ್ತು ಮಾಡಿದರು. ಆಕೆಯ ಸೋದರ ಹೆನ್ರಿ ರೋಜರನ ಮಗಳು ಫ್ಲಾಂಡೀನಾಳನ್ನು ಮದುವೆಯಾದ. ಕೊಟ್ಟು ತಂದು ಎರಡು ಮನೆತನಗಳನ್ನು ಹೆಣೆಯುವುದು ಎನ್ನುತ್ತೇವಲ್ಲ, ಹಾಗೆ. ಹೆನ್ರಿಗೆ ಸಿಸಿಲಿಯ ಪತೆರ್ನೊ, ಬುತೇರಾ ಎಂಬ ಕಡೆ ಜಹಗೀರು ಸಿಕ್ಕಿತು. ಅವನ ಹಿಂದೆಯೇ ಉತ್ತರ ಇಟಲಿಯ ಜನ ಗುಂಪುಗುಂಪಾಗಿ ಬಂದು ನೆಲೆಸಿದರು. ಇಂದಿಗೂ ಪಿಯಾತ್ಸಾ ಅರ್ಮೆರೀನಾ, ನಿಕೋಸಿಯಾ, ಸಾನ್ ಫ್ರತೆಲ್ಲೊ ಎಂಬ ಸಿಸಿಲಿಯ ಊರುಗಳಲ್ಲಿ ಸುತ್ತಮುತ್ತಲಿನವರಿಗಿಂತ ಬೇರೆಯದೇ ಮಾತು ಕೇಳಿಸುತ್ತದೆ. ಉತ್ತರದ ಉಪಭಾಷೆ ಅದು. ಒಂಬೈನೂರು ವರ್ಷದ ಹಿಂದಿನ ಆ ವಲಸೆಯ ಗುರುತು ಬಾಯಿಂದ ಬಾಯಿಗೆ ಉಳಿದುಕೊಂಡಿದೆ. ನನಗೆ ಇದು ಯಾವ ಕೋಟೆ, ಯಾವ ಗೋರಿಗಿಂತಲೂ ದೊಡ್ಡ ಸ್ಮಾರಕ ಅನ್ನಿಸುತ್ತದೆ.

1093ರಲ್ಲಿ ಮೊದಲ ಮಗ ಸಿಮೋನ್ ಹುಟ್ಟಿದ. 1095ರ ಡಿಸೆಂಬರಿನಲ್ಲಿ ಎರಡನೆಯವನು ಹುಟ್ಟಿದ. ಅವನಿಗೆ ಅಪ್ಪನ ಹೆಸರನ್ನೇ ಇಟ್ಟರು. 1101ರ ಜೂನ್‌ನಲ್ಲಿ ಗಂಡ ತೀರಿಕೊಂಡಾಗ ಹಿರಿಯನಿಗೆ ಎಂಟು ವರ್ಷ, ಕಿರಿಯನಿಗೆ ಐದೂವರೆ. ತಾಯಿಗೆ ಇಪ್ಪತ್ತಾರೋ ಇಪ್ಪತ್ತೇಳೋ.

ಅಷ್ಟು ಚಿಕ್ಕ ವಯಸ್ಸಿನ ವಿಧವೆ. ಸುತ್ತ ಕತ್ತಿ ಹಿಡಿದ ನಾರ್ಮನ್ ಸರದಾರರು. ಮುದಿ ಯಜಮಾನ ಯಾವಾಗ ಕಣ್ಣು ಮುಚ್ಚುತ್ತಾನೋ ಎಂದು ಕಾಯುತ್ತಿದ್ದವರು ಅವರಲ್ಲಿ ಇದ್ದೇ ಇದ್ದರು. ಕೆಲವರು ದಂಗೆ ಎದ್ದರು, ಆಕೆ ಅದನ್ನು ಅಡಗಿಸಿದಳು. 1105ರಲ್ಲಿ ಹಿರಿಯ ಮಗ ಸಿಮೋನ್ ತೀರಿಕೊಂಡ. ಉಳಿದವನು ಒಂಬತ್ತು ವರ್ಷದ ರೋಜರ್ ಒಬ್ಬನೇ. ಅವನ ಹೆಸರಿನಲ್ಲಿ ಆಕೆ ಮತ್ತೆ ಏಳು ವರ್ಷ ಆಳಿದಳು.

ಆಳಿದಳು ಅಂದರೆ ಹೇಗೆ? ಇಲ್ಲಿ ಸ್ವಲ್ಪ ನಿಲ್ಲಬೇಕು. ಆಗಿನ ಸಿಸಿಲಿಯಲ್ಲಿ ಪಶ್ಚಿಮಕ್ಕೆ ಹೋದರೆ ಅರಬ್ಬಿ ಮಾತಾಡುವ ಮುಸ್ಲಿಮರು. ಈಶಾನ್ಯದ ಬೆಟ್ಟಗಳಲ್ಲಿ ಗ್ರೀಕ್ ಮಾತಾಡುವ ಕ್ರೈಸ್ತರು. ಇವರ ಮೇಲೆ ಬೆರಳೆಣಿಕೆಯ ನಾರ್ಮನ್ನರು ಮತ್ತು ಇಟಲಿಯವರು. ಅವರ ಚರ್ಚಿನ ಭಾಷೆ ಲ್ಯಾಟಿನ್. ಬರೀ ಕತ್ತಿಯಿಂದ ಇಂಥ ನಾಡನ್ನು ಆಳಲು ಆಗುವುದಿಲ್ಲ, ಅಲ್ವಾ? ಕಂದಾಯ ಯಾರು ಎಷ್ಟು ಕೊಡಬೇಕು, ಯಾವ ಹೊಲ ಯಾರದು ಎಂಬ ಲೆಕ್ಕವೆಲ್ಲ ಹಿಂದಿನವರ ಕಡತದಲ್ಲಿತ್ತು. ಅದನ್ನು ಓದಬಲ್ಲ ಜನ ಬೇಕಿತ್ತು. ಅದೆಲಾಸಿಯಾ ಗ್ರೀಕ್ ಅಧಿಕಾರಿಗಳನ್ನು ಹತ್ತಿರ ಇಟ್ಟುಕೊಂಡಳು. ಅವರಲ್ಲಿ ಕ್ರಿಸ್ಟೊಡೂಲಸ್ ಎಂಬವನು ಮುಖ್ಯ. ಅವನ ಪದವಿಯ ಹೆಸರು ‘ಅಮೀರ್’ ಎಂಬ ಅರಬ್ಬಿ ಮಾತಿನಿಂದ ಬಂದದ್ದು. ಗ್ರೀಕ್ ಮನುಷ್ಯ, ಅರಬ್ಬಿ ಪದವಿ, ನಾರ್ಮನ್ ದರ್ಬಾರು. ಮುಂದೆ ಎರಡನೇ ರೋಜರನ ಆಳ್ವಿಕೆಯನ್ನು ಜಗತ್ತೇ ಹೊಗಳಿದ್ದು ಈ ಬೆರಕೆಗಾಗಿ. ಅದರ ಬುನಾದಿ ಹಾಕಿದವರಲ್ಲಿ ಅವನ ತಾಯಿಯೂ ಒಬ್ಬಳು. ಈ ಪಾಲನ್ನು ಆಕೆಗೆ ಕೊಡಲು ಬಹಳ ಪುಸ್ತಕಗಳು ಮರೆಯುತ್ತವೆ. ನನಗೆ ಅದು ಬೇಸರದ ಸಂಗತಿ.

ಇದಕ್ಕೆ ಸಾಕ್ಷಿ ಇದೆ. ಒಂದು ಹಾಳೆ ಕಾಗದ. 1109ರ ಮಾರ್ಚ್ ತಿಂಗಳಲ್ಲಿ ಆಕೆ ಹೊರಡಿಸಿದ ಆಜ್ಞಾಪತ್ರ ಅದು. ಒಂದೇ ಹಾಳೆಯಲ್ಲಿ ಗ್ರೀಕ್ ಬರಹವೂ ಇದೆ, ಅರಬ್ಬಿ ಬರಹವೂ ಇದೆ. ಕಾಸ್ತ್ರೊಜೊವಾನಿ, ಅಂದರೆ ಇಂದಿನ ಎನ್ನಾ ಊರಿನ ಸೀಮೆಯ ಅಧಿಕಾರಿಗಳಿಗೆ ಬರೆದದ್ದು. ಸಾನ್ ಫಿಲಿಪ್ಪೊ ಎಂಬ ಗ್ರೀಕ್ ಮಠದ ಸನ್ಯಾಸಿಗಳಿಗೆ ಯಾರೂ ತೊಂದರೆ ಕೊಡದಂತೆ ನೋಡಿಕೊಳ್ಳಿ ಎಂದು ಅದರಲ್ಲಿ ಹೇಳಿದೆ. ವಿಷಯ ಇಷ್ಟೇ, ದಿನನಿತ್ಯದ ಆಡಳಿತದ್ದು. ಆದರೆ ಯುರೋಪಿನಲ್ಲಿ ಕಾಗದದ ಮೇಲೆ ಬರೆದು ಇಂದಿಗೂ ಉಳಿದಿರುವ ಅತಿ ಹಳೆಯ ಆಡಳಿತ ಪತ್ರ ಇದೇ ಎಂದು ಹೆಸರಾಗಿದೆ. ಪಲೆರ್ಮೊದ ಸರಕಾರಿ ಪತ್ರಾಗಾರದಲ್ಲಿ ಇದನ್ನು ಕಾಪಾಡಿಕೊಂಡು ಬಂದಿದ್ದಾರೆ.

ಆ ಕಾಲದ ಯುರೋಪ್ ಬರೆಯುತ್ತಿದ್ದುದು ಹದ ಮಾಡಿದ ಚರ್ಮದ ಮೇಲೆ. ಕಾಗದ ಅರಬರ ಲೋಕದಿಂದ ಬಂದ ವಸ್ತು. ಅಗ್ಗ, ಕೈಗೆ ಬೇಗ ಸಿಗುತ್ತಿತ್ತು. ಆದರೆ ಬಾಳಿಕೆ ಬರುವುದಿಲ್ಲ ಎಂಬ ಭಯ ಜನರಿಗಿತ್ತು. ಆ ಭಯಕ್ಕೆ ಕಾರಣವೂ ಇತ್ತು. 1145ರಲ್ಲಿ ಆಕೆಯ ಮಗ ರೋಜರನೇ, ಹಿಂದಿನವರು ಕಾಗದದ ಮೇಲೆ ಕೊಟ್ಟ ಪತ್ರಗಳನ್ನು ಚರ್ಮದ ಮೇಲೆ ನಕಲು ಮಾಡಿಸಿದ. 1231ರಲ್ಲಿ ಅವನ ಮೊಮ್ಮಗ, ಚಕ್ರವರ್ತಿ ಎರಡನೇ ಫ್ರೆಡರಿಕ್, ಸರಕಾರಿ ಪತ್ರಗಳಿಗೆ ಕಾಗದ ಬಳಸಲೇಬಾರದು ಎಂದು ಕಾನೂನು ಮಾಡಿದ. ಅಷ್ಟಾದರೂ ಮುತ್ತಜ್ಜಿಯ ಈ ಒಂದು ಹಾಳೆ ಉಳಿದುಕೊಂಡಿತು.

ಮಿಲೇತೊ ಎಂಬುದು ಬೂಟಿನ ಆಕಾರದ ಇಟಲಿಯ ಕಾಲ್ಬೆರಳಿನ ಭಾಗದಲ್ಲಿರುವ ಊರು. ಒಂದನೇ ರೋಜರನ ಮನೆ, ದರ್ಬಾರು ಎಲ್ಲ ಅಲ್ಲಿತ್ತು. ಅದೆಲಾಸಿಯಾ ಆಡಳಿತದ ನೆಲೆಯನ್ನು ಸಿಸಿಲಿಗೇ ತಂದಳು. ಮೊದಲು ಮೆಸ್ಸೀನಾ, ಆಮೇಲೆ ಪಲೆರ್ಮೊ. 1112ರ ಹೊತ್ತಿಗೆ ಮಗನಿಗೆ ಹದಿನಾರು ತುಂಬಿತ್ತು, ಅವನು ನೈಟ್, ಅಂದರೆ ಕುದುರೆ ಯೋಧನ, ದೀಕ್ಷೆ ಪಡೆದಿದ್ದ. ಆ ವರ್ಷದ ಜೂನ್‌ನಲ್ಲಿ ಪಲೆರ್ಮೊದಲ್ಲಿ ಬರೆದ ಒಂದು ಪತ್ರದಲ್ಲಿ ಮಗನ ಹೆಸರಿನ ಜೊತೆ ‘ಈಗ ನೈಟ್, ಈಗ ಕೌಂಟ್’ ಎಂಬ ಮಾತಿದೆ. ತಾಯಿಯ ಹೊಣೆ ಅಲ್ಲಿಗೆ ಮುಗಿಯಿತು. ಆಕೆಗೆ ಇನ್ನೂ ನಲವತ್ತು ಆಗಿರಲಿಲ್ಲ.

ಈಗ ಜೆರುಸಲೇಮಿನ ಕಡೆ ನೋಡೋಣ. ಮೊದಲ ಕ್ರುಸೇಡ್ ಎಂಬ ಧರ್ಮಯುದ್ಧದಲ್ಲಿ, 1099ರಲ್ಲಿ, ಯುರೋಪಿನ ಕ್ರೈಸ್ತರು ಆ ಊರನ್ನು ಹಿಡಿದಿದ್ದರು. 1100ರ ಕ್ರಿಸ್ಮಸ್ ದಿನ ಬೆತ್ಲೆಹೆಮ್‌ನಲ್ಲಿ ಬಾಲ್ಡ್ವಿನ್ ರಾಜನಾದ. ಒಳ್ಳೆಯ ಯೋಧ. ಆದರೆ ಕೈಯಲ್ಲಿ ಕಾಸಿಲ್ಲ. ನೈಟುಗಳಿಗೆ ಸಂಬಳ ಕೊಡಬೇಕು, ಕೋಟೆ ಕಾಯಬೇಕು. ಅದರ ಮೇಲೆ 1113ರ ಜೂನ್ ಕೊನೆಗೆ ಅಲ್-ಸನ್ನಬ್ರಾ ಎಂಬಲ್ಲಿ ಮೊಸೂಲಿನ ಮುಸ್ಲಿಂ ದೊರೆ ಮೌದೂದ್ ಅವನಿಗೆ ಬಲವಾದ ಪೆಟ್ಟು ಕೊಟ್ಟ.

ಅವನ ಸಂಸಾರದ ಕತೆ ಹೀಗಿದೆ. ಮೊದಲ ಹೆಂಡತಿ ಕ್ರುಸೇಡಿನ ದಾರಿಯಲ್ಲೇ 1097ರಲ್ಲಿ ತೀರಿಕೊಂಡಳು. ರಾಜನಾಗುವ ಮೊದಲು ಎಡೆಸ್ಸಾ ಎಂಬ ಊರಲ್ಲಿದ್ದಾಗ ಅರ್ಮೇನಿಯಾದ ಒಬ್ಬ ಸರದಾರನ ಮಗಳನ್ನು ಕಟ್ಟಿಕೊಂಡ. ಆ ಹೊತ್ತಿಗೆ ಆ ಸಂಬಂಧ ಅವನಿಗೆ ಬೇಕಿತ್ತು. ಜೆರುಸಲೇಮಿನ ರಾಜನಾದ ಮೇಲೆ ಅಷ್ಟಾಗಿ ಬೇಕಾಗಲಿಲ್ಲ. ಆಕೆಯನ್ನು ಸಂತ ಆನ್ ಕನ್ಯಾಮಠಕ್ಕೆ ಸೇರಿಸಿಬಿಟ್ಟ. ಮುಂದೆ ಆಕೆ ಕಾನ್‌ಸ್ಟಾಂಟಿನೋಪಲ್‌ಗೆ ಹೊರಟುಹೋದಳು. ಚರ್ಚಿನ ನಿಯಮದ ಪ್ರಕಾರ ಆ ಮದುವೆ ಮುರಿದಿರಲಿಲ್ಲ. ನೀವು ಕೇಳಿದ ‘ಬದುಕಿದ್ದ ಹೆಂಡತಿ’ ಇವಳೇ. ಅಂದರೆ ಒಂದನೇ ರೋಜರನಿಗೂ ಅದೆಲಾಸಿಯಾ ಮೂರನೆಯವಳು, ಬಾಲ್ಡ್ವಿನ್‌ಗೂ ಮೂರನೆಯವಳು.

ಸಿಸಿಲಿಯಲ್ಲಿ ಸಿರಿವಂತ ವಿಧವೆಯೊಬ್ಬಳಿದ್ದಾಳೆ, ಅವಳ ಬಳಿ ಹಣವಿದೆ, ಹಡಗಿದೆ ಎಂಬುದು ಬಾಲ್ಡ್ವಿನ್‌ಗೆ ಗೊತ್ತಿತ್ತು. ಸಂಬಂಧ ಕುದುರಿಸಲು ರಾಯಭಾರಿಗಳನ್ನು ಕಳಿಸಿದ. ಇದರ ಹಿಂದೆ ಓಡಾಡಿದವನು ಅರ್ನುಲ್ಫ್, ಜೆರುಸಲೇಮಿನ ಪೇಟ್ರಿಯಾರ್ಕ್, ಅಂದರೆ ಅಲ್ಲಿನ ಚರ್ಚಿನ ಅತಿ ಹಿರಿಯ ಗುರು. ಸಿಸಿಲಿಯವರು ಒಂದು ಕರಾರು ಮುಂದಿಟ್ಟರು. ಈ ಮದುವೆಯಿಂದ ಮಗು ಹುಟ್ಟಿದರೆ ರಾಜ್ಯ ಆ ಮಗುವಿಗೆ. ಹುಟ್ಟದಿದ್ದರೆ, ಬಾಲ್ಡ್ವಿನ್ ನಂತರ ಜೆರುಸಲೇಮ್ ರೋಜರನಿಗೆ. ಬಾಲ್ಡ್ವಿನ್ ಕಡೆಯವರು ಒಪ್ಪಿಕೊಂಡರು.

ಈ ಕರಾರನ್ನು ಎರಡು ಸಲ ಓದಿ. ಬಾಲ್ಡ್ವಿನ್‌ಗೆ ಮಕ್ಕಳಿರಲಿಲ್ಲ. ಅದೆಲಾಸಿಯಾ ನಲವತ್ತರ ಹೊಸ್ತಿಲಲ್ಲಿದ್ದಳು. ಮಗು ಹುಟ್ಟುವ ಸಾಧ್ಯತೆ ಕಡಿಮೆ ಎಂದು ಎರಡೂ ಕಡೆಯವರಿಗೂ ತಿಳಿದಿತ್ತು. ಹಾಗಾದರೆ ಆಕೆ ತನ್ನ ಮಗನಿಗೆ ಇನ್ನೊಂದು ಕಿರೀಟ ಬರೆಸಿಕೊಳ್ಳುತ್ತಿದ್ದಳು. ರೋಜರ್ ಆಗಿನ್ನೂ ಬರೀ ಕೌಂಟ್, ರಾಜನಲ್ಲ. ಅವನಿಗೆ ಸಿಗಲಿದ್ದುದು ರಾಜ ಪದವಿ, ಅದೂ ಕ್ರೈಸ್ತರಿಗೆ ಅತಿ ಪವಿತ್ರವಾದ ಊರಿನದು, ಜೊತೆಗೆ ಮೆಡಿಟರೇನಿಯನ್ ಸಮುದ್ರದ ಪೂರ್ವದ ಬಂದರುಗಳು. ಇದು ಗಂಡಿಗಾಗಿ ಹಾತೊರೆದ ವಿಧವೆಯ ಲೆಕ್ಕ ಅಲ್ಲ. ಹನ್ನೊಂದು ವರ್ಷ ಗದ್ದುಗೆ ಕಾಯ್ದ ತಾಯಿಯ ಲೆಕ್ಕ. ಆ ಮನೆಯಲ್ಲಿ ಇಂಥ ಲೆಕ್ಕ ಹೊಸದೂ ಅಲ್ಲ. ಆಕೆಯ ಮಲಮಗಳೊಬ್ಬಳನ್ನು 1097ರಲ್ಲಿ ಹಂಗೇರಿಯ ರಾಜ ಕೊಲೊಮಾನ್‌ಗೆ ಕೊಟ್ಟಿದ್ದರು. ಇನ್ನೊಬ್ಬಳು ಇಟಲಿಯ ರಾಜ ಕೊನ್ರಾಡ್‌ನ ಹೆಂಡತಿಯಾಗಿದ್ದಳು. ಮದುವೆಯಿಂದ ಏನು ಸಿಗುತ್ತದೆ, ಏನು ಕೊಡಬೇಕಾಗುತ್ತದೆ ಎಂಬುದನ್ನು ಹತ್ತಿರದಿಂದ ಕಂಡವಳು ಅವಳು.

1113ರ ಆಗಸ್ಟ್‌ನಲ್ಲಿ ಆಕೆಯ ಹಡಗುಗಳು ಆಕರ್ ಬಂದರಿಗೆ ಬಂದವು. ಇಂದಿನ ಇಸ್ರೇಲಿನ ಅಕ್ಕೊ ಊರು. ಆಖೆನ್ ಊರಿನ ಆಲ್ಬರ್ಟ್ ಎಂಬ ಚರಿತ್ರೆಕಾರ ಇದನ್ನು ಕಣ್ಣಿಗೆ ಕಟ್ಟುವಂತೆ ಬರೆದಿದ್ದಾನೆ. ಎರಡು ದೊಡ್ಡ ಯುದ್ಧದ ಹಡಗುಗಳು, ಒಂದೊಂದರಲ್ಲಿ 500 ಯೋಧರು. ಮತ್ತೆ ಏಳು ಹಡಗುಗಳ ತುಂಬ ಚಿನ್ನ, ಬೆಳ್ಳಿ, ರತ್ನ, ನೇರಳೆ ಬಣ್ಣದ ಬಟ್ಟೆ, ಆಯುಧ. ರಾಣಿ ಕೂತ ಹಡಗಿನ ಕೂವೆಕಂಬಕ್ಕೆ ಅಪರಂಜಿಯ ಲೇಪ. ಜೊತೆಗೆ ಸಿಸಿಲಿಯ ಮುಸ್ಲಿಂ ಬಿಲ್ಲುಗಾರರು. ಟೈರ್ ಊರಿನ ವಿಲಿಯಂ ಎಂಬ ಇನ್ನೊಬ್ಬ ಚರಿತ್ರೆಕಾರ ಮುಂದೆ ಬರೆಯುವಾಗ ಇನ್ನೂ ಸಾಮಾನ್ಯ ವಸ್ತುಗಳನ್ನು ಹೆಸರಿಸುತ್ತಾನೆ: ಗೋಧಿ, ದ್ರಾಕ್ಷಾರಸ, ಎಣ್ಣೆ, ಉಪ್ಪು ಹಚ್ಚಿದ ಮಾಂಸ, ಕುದುರೆ. ನನಗೆ ಚಿನ್ನಕ್ಕಿಂತ ಈ ಪಟ್ಟಿಯೇ ಜಾಸ್ತಿ ಹೇಳುತ್ತದೆ. ಎರಡು ತಿಂಗಳ ಹಿಂದೆ ಯುದ್ಧದಲ್ಲಿ ಸೋತಿದ್ದ ರಾಜ್ಯಕ್ಕೆ ಬೇಕಾಗಿದ್ದುದು ಊಟ ಮತ್ತು ಕುದುರೆ. ಆಕೆ ಅದನ್ನೇ ತಂದಳು.

ಮದುವೆಯಾಯಿತು. ಹಣ ಸಾಲ ತೀರಿಸಲು, ಸೈನಿಕರಿಗೆ ಕೊಡಲು ಹೋಯಿತು. ಮುಂದಿನ ಮೂರೂವರೆ ವರ್ಷ ರಾಣಿಯ ಬಗ್ಗೆ ಚರಿತ್ರೆಕಾರರು ಹೆಚ್ಚೇನೂ ಬರೆದಿಲ್ಲ. ಸಿಸಿಲಿಯಲ್ಲಿ ಪ್ರತಿ ಪತ್ರಕ್ಕೂ ಆಕೆಯ ಹೆಸರು ಬೇಕಿತ್ತು. ಇಲ್ಲಿ ಬೇಕಾಗಲಿಲ್ಲ.

ಮುರಿದದ್ದು ಹೀಗೆ. ಅರ್ನುಲ್ಫ್‌ಗೆ ಅಲ್ಲೇ ವೈರಿಗಳು ಬಹಳ. 1115ರಲ್ಲಿ ಪೋಪನ ಪ್ರತಿನಿಧಿ ಅವನನ್ನು ಪದವಿಯಿಂದ ಇಳಿಸಿದ. ಅವನ ಮೇಲಿದ್ದ ದೂರುಗಳಲ್ಲಿ ಈ ಮದುವೆಯೂ ಸೇರಿಕೊಂಡಿತು. ಅರ್ನುಲ್ಫ್ ಸೀದಾ ರೋಮ್‌ಗೆ ಹೋಗಿ ಪೋಪ್ ಎರಡನೇ ಪಾಸ್ಕಲ್‌ನನ್ನು ಕಂಡ. 1116ರಲ್ಲಿ ಪದವಿ ವಾಪಸ್ ಸಿಕ್ಕಿತು. ಆದರೆ ಒಂದು ಷರತ್ತಿನ ಮೇಲೆ: ರಾಜ ಈ ಹೆಂಡತಿಯನ್ನು ಬಿಡಬೇಕು. ಮದುವೆ ಕುದುರಿಸಿದವನೇ ಈಗ ಅದನ್ನು ಮುರಿಯಲು ಬಂದ. ಅಷ್ಟರಲ್ಲಿ ಬಾಲ್ಡ್ವಿನ್ ಕಾಯಿಲೆ ಬಿದ್ದ. ಸಾವು ಹತ್ತಿರ ಬಂತು ಎಂದು ಹೆದರಿದ. ಪಾಪ ತೊಳೆದುಕೊಳ್ಳಬೇಕಾದರೆ ಎರಡನೆಯವಳು ಬದುಕಿರುವಾಗ ಕಟ್ಟಿಕೊಂಡ ಮೂರನೆಯವಳನ್ನು ಕಳಿಸಬೇಕು ಎಂದು ಗುರುಗಳು ಹೇಳಿದರು. ಅವನು ಒಪ್ಪಿದ.

ಇದು ಧರ್ಮದ ಮುಖ. ಇನ್ನೊಂದು ಮುಖವೂ ಇದೆ. ರಾಜ ಆಗ ಸತ್ತಿದ್ದರೆ ಕರಾರಿನ ಪ್ರಕಾರ ಗದ್ದುಗೆ ರೋಜರನದು. ದೂರದ ಸಿಸಿಲಿಯಲ್ಲಿ ಕೂತು ಆಳುವ ರಾಜ ಜೆರುಸಲೇಮಿನ ಬಹಳ ಸರದಾರರಿಗೆ ಬೇಕಾಗಿರಲಿಲ್ಲ. ಮದುವೆಯೇ ಅಸಿಂಧು ಎಂದರೆ ಕರಾರೂ ಅಸಿಂಧು. ನನ್ನ ಪ್ರಕಾರ ಇದೇ ದೊಡ್ಡ ಕಾರಣ. ರಾಜನ ಭಯ ನಿಜವಾದದ್ದೇ ಇರಬಹುದು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಆ ಭಯದಿಂದ ಯಾರಿಗೆ ಲಾಭವಾಯಿತು ಎಂಬುದು ಸ್ಪಷ್ಟವಾಗಿಯೇ ಇದೆ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ. ಆಕೆಗೆ ಗೊತ್ತಿರಲಿಲ್ಲವೇ? ಬಾಲ್ಡ್ವಿನ್‌ಗೆ ಒಬ್ಬ ಹೆಂಡತಿ ಇದ್ದಳು, ಕನ್ಯಾಮಠ ಸೇರಿದಳು ಎಂಬುದು ಗುಟ್ಟಿನ ಸಂಗತಿ ಆಗಿರಲಿಲ್ಲ. ಮೆಸ್ಸೀನಾ ಬಂದರಿನಿಂದ ಜೆರುಸಲೇಮಿಗೆ ಯಾತ್ರಿಕರು ಹೋಗಿಬರುತ್ತಲೇ ಇದ್ದರು. ಸುದ್ದಿ ಕಿವಿಗೆ ಬಿದ್ದಿರಲೇಬೇಕು ಎಂಬುದು ನನ್ನ ಊಹೆ. ಆದರೆ ಹಳೆಯ ಮದುವೆ ಮುಗಿಯಿತೋ ಇಲ್ಲವೋ ಎಂದು ಹೇಳಬೇಕಾದವರು ಯಾರು? ಅಲ್ಲಿನ ಚರ್ಚು. ಆ ಚರ್ಚಿನ ಹಿರಿಯನೇ ಈ ಮದುವೆಗೆ ಓಡಾಡುತ್ತಿದ್ದಾನೆ. ಇದಕ್ಕಿಂತ ಗಟ್ಟಿ ಭರವಸೆ ಇನ್ನೇನು ಬೇಕು? ಆಕೆ ನಂಬಿದ್ದು ಪ್ರೀತಿಯ ಮಾತನ್ನಲ್ಲ. ಪೇಟ್ರಿಯಾರ್ಕ್‌ನ ಮಾತನ್ನು, ರಾಜನ ಕಡೆಯವರ ಪ್ರಮಾಣವನ್ನು. ಅವರು ಮಾತಿಗೆ ತಪ್ಪಿದರು. ಮಾತು ತಪ್ಪಿದವರ ದೋಷವನ್ನು ನಂಬಿದವಳ ತಲೆಗೆ ಕಟ್ಟುವುದು ನ್ಯಾಯವಲ್ಲ. ವಿಲಿಯಂ ಕೂಡ ಈ ವಿಷಯದಲ್ಲಿ ಅರ್ನುಲ್ಫ್‌ನನ್ನೇ ದೂರುತ್ತಾನೆ.

ನಾರ್ಮಂಡಿಯ ಆರ್ಡರಿಕ್ ಎಂಬ ಸನ್ಯಾಸಿ ಆಕೆಯ ಬಗ್ಗೆ ಕೆಟ್ಟ ಕತೆಯೊಂದನ್ನು ಬರೆದಿದ್ದಾನೆ. ಮಗ ಚಿಕ್ಕವನಿದ್ದಾಗ ಬರ್ಗಂಡಿಯ ಒಬ್ಬ ರಾಜಕುಮಾರನನ್ನು ನೆರವಿಗೆ ಕರೆಸಿಕೊಂಡು, ಕೆಲಸ ಮುಗಿದ ಮೇಲೆ ಅವನಿಗೆ ವಿಷ ಹಾಕಿದಳಂತೆ. ಅಲ್ಲಲ್ಲಿ ನಿಮಗೆ ಈ ಕತೆ ಸಿಗಬಹುದು. ಸುಮ್ನೆ ನಂಬಬೇಡಿ. ಆರ್ಡರಿಕ್ ಇದ್ದುದು ಬಹಳ ದೂರ, ಬರೆದದ್ದು ವರ್ಷಗಳ ಮೇಲೆ. ಆಗಿನ ಸಿಸಿಲಿಯ ಪತ್ರಗಳಲ್ಲಿ ಅಂಥವನೊಬ್ಬ ಆಳಿದ ಗುರುತಿಲ್ಲ.

1117ರ ಏಪ್ರಿಲ್ 25ರಂದು, ಸಂತ ಮಾರ್ಕ್‌ನ ಹಬ್ಬದ ದಿನ, ಆಕೆ ಆಕರ್‌ನಿಂದ ಹೊರಟಳು. ಬಂದದ್ದು ಅಪರಂಜಿ ಲೇಪದ ಹಡಗಿನಲ್ಲಿ, ಒಂಬತ್ತು ಹಡಗುಗಳ ಜೊತೆ. ಹೋಗುವಾಗ ತಂದ ಹಣವೂ ಇಲ್ಲ, ಕರಾರೂ ಇಲ್ಲ. ಬಾಲ್ಡ್ವಿನ್ ಆ ಕಾಯಿಲೆಯಿಂದ ಚೇತರಿಸಿಕೊಂಡ. ಮುಂದಿನ ವರ್ಷ ಈಜಿಪ್ಟಿನ ದಂಡಯಾತ್ರೆಯಿಂದ ವಾಪಸ್ ಬರುವಾಗ ಅಲ್-ಅರೀಶ್‌ನಲ್ಲಿ ಸತ್ತ. ಅಂದು 1118ರ ಏಪ್ರಿಲ್ 2. ಮಕ್ಕಳಿರಲಿಲ್ಲ. ಮದುವೆ ಇನ್ನೊಂದು ವರ್ಷ ಉಳಿದಿದ್ದರೆ ರೋಜರ್ ಜೆರುಸಲೇಮನ್ನು ಹಕ್ಕಿನಿಂದ ಕೇಳಬಹುದಿತ್ತು. ಗದ್ದುಗೆ ಬಾಲ್ಡ್ವಿನ್‌ನ ಬಂಧುವೊಬ್ಬನಿಗೆ ಹೋಯಿತು. ಅವನ ಹೆಸರೂ ಬಾಲ್ಡ್ವಿನ್.

ರೋಜರ್ ಇದನ್ನು ಮರೆಯಲಿಲ್ಲ. 1130ರ ಕ್ರಿಸ್ಮಸ್ ದಿನ ಪಲೆರ್ಮೊದಲ್ಲಿ ಅವನು ತನ್ನದೇ ಕಿರೀಟ ಧರಿಸಿ ಸಿಸಿಲಿಯ ಮೊದಲ ರಾಜನಾದ. ಮೆಡಿಟರೇನಿಯನ್ನಿನ ಬಲಿಷ್ಠ ನೌಕಾಪಡೆಗಳಲ್ಲಿ ಅವನದೂ ಒಂದು. ಆಫ್ರಿಕಾದ ಕರಾವಳಿಗೆ ಹೋದ, ಗ್ರೀಸಿಗೆ ಹೋದ. ಜೆರುಸಲೇಮಿನ ನೆರವಿಗೆ ಮಾತ್ರ ಆ ಪಡೆ ಹೋಗಲಿಲ್ಲ. ಟೈರಿನ ವಿಲಿಯಂ ಅರವತ್ತಕ್ಕೂ ಹೆಚ್ಚು ವರ್ಷಗಳ ಮೇಲೆ ಬರೆಯುವಾಗ ಇದನ್ನೇ ನೆನೆದು ನೊಂದುಕೊಳ್ಳುತ್ತಾನೆ. ಬೇರೆ ರಾಜರೆಲ್ಲ ತಾವೇ ಬಂದೋ, ಕಾಣಿಕೆ ಕಳಿಸಿಯೋ ನಮಗೆ ನೆರವಾದರು, ಸಿಸಿಲಿಯವರು ಮಾತ್ರ ಇಂದಿನವರೆಗೂ ಒಂದು ಒಳ್ಳೆಯ ಮಾತನ್ನೂ ಆಡಲಿಲ್ಲ ಎಂಬುದು ಅವನ ಮಾತಿನ ಸಾರ. ವಿಲಿಯಂ ಜೆರುಸಲೇಮಿನವನೇ. ತಪ್ಪು ತಮ್ಮವರದು ಎಂದು ಅವನೇ ಒಪ್ಪಿಕೊಂಡಂತಾಯಿತು.

ಅದೆಲಾಸಿಯಾ ಇದನ್ನು ಯಾವುದನ್ನೂ ನೋಡಲಿಲ್ಲ. ಊರಿಗೆ ಬಂದು ಒಂದು ವರ್ಷವೂ ತುಂಬಿರಲಿಲ್ಲ. 1118ರ ಏಪ್ರಿಲ್ 16ರಂದು ಆಕೆ ತೀರಿಕೊಂಡಳು. ಬಾಲ್ಡ್ವಿನ್ ಸತ್ತು ಹದಿನಾಲ್ಕೇ ದಿನ ಆಗಿತ್ತು. ಅಷ್ಟರೊಳಗೆ ಆ ಸುದ್ದಿ ಸಮುದ್ರ ದಾಟಿ ಆಕೆಯನ್ನು ಮುಟ್ಟುವುದು ಕಷ್ಟವೇ.

ನೀವು ಯಾವಾಗಲಾದರೂ ಸಿಸಿಲಿಗೆ ಹೋದರೆ, ಮೆಸ್ಸೀನಾದಿಂದ ಪಲೆರ್ಮೊಗೆ ಹೋಗುವ ಉತ್ತರ ಕರಾವಳಿಯ ದಾರಿಯಲ್ಲಿ ಪಾತ್ತಿ ಎಂಬ ಊರಲ್ಲಿ ಇಳಿಯಿರಿ. ಆಕೆಯ ಮೊದಲ ಗಂಡ 1094ರಲ್ಲಿ ಅಲ್ಲಿ ಒಂದು ಮಠ ಕಟ್ಟಿಸಿದ್ದ. ಈಗ ಆ ಜಾಗದಲ್ಲಿ ಸಂತ ಬಾರ್ತೊಲೊಮೆಯೊನ ದೊಡ್ಡ ಚರ್ಚಿದೆ. ಅದರೊಳಗೆ ಆಕೆಯ ಸಮಾಧಿ ಇದೆ. ಈಗ ಕಾಣುವ ಕಲ್ಲಿನ ಕೆಲಸ ಹದಿನಾರನೇ ಶತಮಾನದ್ದು. ಮೊದಲ ಗಂಡನನ್ನು ಮಿಲೇತೊದಲ್ಲಿ ಮಣ್ಣು ಮಾಡಿದರು, ಎರಡನೆಯವನನ್ನು ಜೆರುಸಲೇಮಿನಲ್ಲಿ, ಮಗನನ್ನು ಪಲೆರ್ಮೊದಲ್ಲಿ. ಆಕೆ ಒಬ್ಬಳೇ ಪಾತ್ತಿಯಲ್ಲಿ ಮಲಗಿದ್ದಾಳೆ.